ಹೊಳೆಯುವ ಕೊಳವೆಯೂ ಉಪ್ಪಿನ ಹರಳೂ

ಹಡಗಿನ ಡೆಕ್ಕಿನ ಮೇಲೆ ಬಿಸಿನೀರು ಸಾಗಿಸುವ ಸ್ಟೀಲ್ ಕೊಳವೆಗೆ ತನ್ನ ಹೊಳಪಿನದೇ ಜಂಬ. ಅದನ್ನು ಬಿಗಿದಿದ್ದ ಪಟ್ಟಿಯಡಿ ಸಮುದ್ರದ ಉಪ್ಪು ಬಂದು ಕೂತಿತು.

"ಅಣ್ಣಾ, ಪಟ್ಟಿ ಬಿಚ್ಚಿಸಿಕೊಳ್ಳಿ, ಸಿಹಿನೀರಲ್ಲಿ ತೊಳೆದುಬಿಡುತ್ತೇನೆ" ಎಂದಿತು ಡೆಕ್ಕು ತೊಳೆಯುವ ರಬ್ಬರ್ ಪೈಪು.

"ಹೋಗಿ ಪಕ್ಕದ ಆ ಕಬ್ಬಿಣದ ಕೊಳವೆಯನ್ನು ತೊಳಿ. ತುಕ್ಕು ನಮ್ಮ ವಂಶದಲ್ಲೇ ಇಲ್ಲ!" ಎಂದಿತು ಕೊಳವೆ.

"ನಿಜ ಸ್ವಾಮೀ, ತುಕ್ಕು ನನಗೂ ಬೇಡ. ನಿಮ್ಮ ಬಿಸಿಯಿದೆ, ಪಟ್ಟಿಯ ಬಿಗಿತವಿದೆ, ಜೊತೆಗೆ ನಾನೂ ಸೇರಿ ಕೂದಲೆಳೆಯಷ್ಟು ಬಿರುಕು ಬಿಡಿಸಿದರೆ ಸಾಕು" ಎಂದು ಉಪ್ಪು ವಿನಯದಿಂದ ಹೇಳಿತು. ಕೊಳವೆಗೆ "ನಿಜ ಸ್ವಾಮೀ" ಎಂಬುದಷ್ಟೇ ಕೇಳಿಸಿತು.

ತಪಾಸಣೆಗೆ ಮುಂಚೆ ಖಲಾಸಿಗಳು ವಾಡಿಕೆಯಂತೆ ಕಣ್ಣಿಗೆ ಬೀಳುವ ಕಡೆ ಮಾತ್ರ ಒರೆಸಿದರು. ಸಾಹೇಬರು ಮೆಚ್ಚಿ ಸಹಿ ಹಾಕಿದರು. ಮೂರನೇ ವಾರ ಕೊಳವೆ ಪಟ್ಟಿಯಡಿಯಲ್ಲೇ ಸೀಳಿಹೋಯಿತು.

ಗುಜರಿಗೆ ಎಸೆಯುವ ಮುನ್ನ ಮೇಸ್ತ್ರಿ ಐತಪ್ಪ ಅದರಲ್ಲಿ ಮುಖ ನೋಡಿಕೊಂಡು ಮೀಸೆ ತಿದ್ದಿಕೊಂಡ.