ತಪ್ಪಿಲ್ಲದೆ ಒಪ್ಪಿಸಿದವನು

"ಗುರುಗಳೇ, ದಯೆಯ ಬಗ್ಗೆ ನೀವು ಹೇಳಿದ್ದೆಲ್ಲ ನನಗೆ ಬಾಯಿಪಾಠವಾಗಿದೆ. ಆದರೂ ಒಡಹುಟ್ಟಿದ ತಮ್ಮನೊಡನೆ ಮಾತು ಬಿಟ್ಟು ಆರು ವರ್ಷವಾಯಿತು. ಕಲಿತದ್ದು ನನಗೇಕೆ ಒದಗುತ್ತಿಲ್ಲ?" ಎಂದು ಶಿಷ್ಯ ಚನ್ನವೀರ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಅಡುಗೆಯವನಿದ್ದ. ಬಸುರಿ ಹೆಂಡತಿಯನ್ನು ಕರೆದುಕೊಂಡು ಪರದೇಶಕ್ಕೆ ಕೆಲಸಕ್ಕೆ ಹೋದ. ಅಲ್ಲಿ ಇಂಗ್ಲಿಷ್ ಬಿಟ್ಟರೆ ಗತಿಯಿಲ್ಲ. ಸರಿ, ಸಂಜೆ ಶಾಲೆಗೆ ಸೇರಿದ. ಅಲ್ಲಿಯ ಕ್ರಮ ಹೀಗೆ: ಯಂತ್ರದಿಂದ ಒಂದು ದನಿ ವಾಕ್ಯ ಹೇಳುತ್ತದೆ, ಕೇಳಿದವನು ಅದನ್ನು ತಪ್ಪಿಲ್ಲದೆ ಒಪ್ಪಿಸಬೇಕು. ನಮ್ಮ ಅಡುಗೆಯವ ಮಹಾ ಚುರುಕು. ನಾಲ್ಕೇ ತಿಂಗಳಲ್ಲಿ ತರಗತಿಗೆ ಮೊದಲಿಗನಾದ. ಮೇಷ್ಟರು ಬೆನ್ನು ತಟ್ಟಿದ್ದೇ ತಟ್ಟಿದ್ದು. ಅವನಿಗೂ ಒಂದಿಷ್ಟು ಕೊಂಬು ಬಂತೆನ್ನು.

ದಿನ ತುಂಬಿತು. ಒಂದು ಮಧ್ಯಾಹ್ನ ಹೆಂಡತಿಗೆ ನೋವು ಕಾಣಿಸಿತು. ನೋವು ಬಂದೊಡನೆ ಫೋನ್ ಮಾಡಿ, ಗಾಡಿ ಕಳಿಸುತ್ತೇವೆ ಎಂದು ಆಸ್ಪತ್ರೆಯವರು ನಂಬರು ಕೊಟ್ಟಿದ್ದರು. ಮಾಡಿದ. ಯಂತ್ರದ ದನಿ ಇಂಗ್ಲಿಷಿನಲ್ಲಿ ಮಾತಾಡಿತು: 'ಹೆರಿಗೆ ನೋವಾದರೆ ಎರಡನ್ನು ಒತ್ತಿ.'

ಅಬ್ಬಾ, ಅಷ್ಟೂ ಅರ್ಥವಾಯಿತು! ಒಂದಕ್ಷರ ಬಿಡದೆ ಒಪ್ಪಿಸಿದ.

'ಕ್ಷಮಿಸಿ, ತಿಳಿಯಲಿಲ್ಲ' ಎಂದಿತು ಯಂತ್ರ.

ಅವನು ದಂಗಾದ. ತಿಳಿಯಲಿಲ್ಲವೇ? ಮೊದಲಿಗನಾದ ನನ್ನ ಮಾತು ತಿಳಿಯಲಿಲ್ಲವೇ? ಉಚ್ಚಾರ ಕೆಟ್ಟಿತೇನೋ ಎಂದು ಬಿಡಿಸಿ ಬಿಡಿಸಿ ಒಪ್ಪಿಸಿದ. ಫೋನ್ ಕಟ್ಟಾಯಿತು. ಮತ್ತೆ ಮಾಡಿದ, ಮತ್ತೆ ಒಪ್ಪಿಸಿದ. ಹೀಗೇ ಒಂದು ತಾಸು. ಪುಣ್ಯಾತ್ಮನಿಗೆ ಬೆವರು ಕಿತ್ತುಕೊಂಡು ಬಂತು.

ಒಳಗಿನಿಂದ ಹೆಂಡತಿ ನರಳುತ್ತ ಕೇಳಿದಳು. 'ಏನಂತಾರೆ ರೀ? ಬರ್ತಾರಂತಾ?'

'ಸ್ವಲ್ಪ ತಾಳೇ. ನನಗೆಲ್ಲ ತಿಳೀತಿದೆ. ಎರಡನ್ನು ಒತ್ತಿ ಅಂತಿದೆ.'

'ಅಯ್ಯೋ ದೇವರೇ, ಹಾಗಾದ್ರೆ ಒತ್ರೀ!'

ಇಂಗ್ಲಿಷಿನ ಗಂಧಗಾಳಿ ಇಲ್ಲದವಳು ಕಿರುಚಿದಳು. ಅವನು ಫೋನು ನೋಡಿದ, ತನ್ನ ಬೆರಳು ನೋಡಿಕೊಂಡ. ಒತ್ತಿದ. ಹತ್ತೇ ನಿಮಿಷದಲ್ಲಿ ಗಾಡಿ ಬಾಗಿಲಿಗೆ ಬಂತು.

ತಾಯಿ ಉಳಿದಳು. ಮಗು ಅಳಲಿಲ್ಲ.

'ಇಷ್ಟು ಹೊತ್ತು ಏನು ಮಾಡುತ್ತಿದ್ದಿರಿ?' ಎಂದು ಡಾಕ್ಟರು ಇಂಗ್ಲಿಷಿನಲ್ಲಿ ಕೇಳಿದರು. ಅದೂ ಅವನಿಗೆ ಪೂರ್ತಿ ಅರ್ಥವಾಯಿತು.

ಚನ್ನವೀರ ಕೂತಲ್ಲಿಂದ ಎದ್ದೇಬಿಟ್ಟ. "ಇದೆಂಥ ಅನ್ಯಾಯ ಗುರುಗಳೇ! ಒಂದು ಬೆರಳು ಸಾಕಿತ್ತಲ್ಲ! ಅಷ್ಟೂ ತೋಚಲಿಲ್ಲವೇ ಆ ಮೂಢನಿಗೆ?"

ಗುರುಗಳು ಅವನ ಮುಖವನ್ನೇ ನೋಡಿ ಕೇಳಿದರು: "ನಿನ್ನ ತಮ್ಮ ಇನ್ನೂ ಬದುಕಿದ್ದಾನೆ ತಾನೆ?"