ಬಸಲಿಂಗವ್ವನ ಬಾಯಿಂದ ಬಂದ ‘ಸಾಕು’

ಗದಗಿನಲ್ಲಿ ಬಸಲಿಂಗವ್ವ ಎಂಬಾಕೆಯದೊಂದು ಖಾನಾವಳಿ ಇತ್ತು. ಖಾನಾವಳಿ ಅಂದರೆ ರೊಟ್ಟಿ ಊಟದ ಮನೆ. ನೆಲಕ್ಕೆ ಚಾಪೆ, ಎದುರಿಗೆ ಸ್ಟೀಲಿನ ತಾಟು, ಒಳಗೆ ಒಲೆ, ಒಲೆಯ ಮುಂದೆ ಬಸಲಿಂಗವ್ವ. ಆ ಮನೆಗೆ ಇದ್ದದ್ದು ಒಂದೇ ಕಾನೂನು. ಉಣ್ಣುವವನು ತಾಟಿನ ಮೇಲೆ ಕೈ ಅಡ್ಡ ಹಿಡಿದು ‘ಸಾಕು’ ಅನ್ನಬೇಕು. ಅಲ್ಲಿಯತನಕ ಬಡಿಸುವುದು ನಿಲ್ಲುವುದಿಲ್ಲ, ತಾಟು ಎತ್ತುವುದೂ ಇಲ್ಲ. ಬರೀ ಕೈ ಅಡ್ಡ ಹಿಡಿದರೆ ಆಕೆ ಬಿಡುವ ಪೈಕಿಯಲ್ಲ.

“ಬಾಯಿ ಬಿಟ್ಟು ಹೇಳೋ ತಮ್ಮಾ. ಕೈಗೇನು ಗೊತ್ತು ಹೊಟ್ಟಿ ಸುದ್ದಿ?” ಎಂದು ಬೆರಳ ಸಂದಿಯಲ್ಲೇ ಬದನೆಕಾಯಿ ಪಲ್ಯ ಹಾಕಿಬಿಡುತ್ತಿದ್ದಳು.

ಆ ಊರಿಗೆ ಒಂದು ನಾಟಕ ಕಂಪನಿ ಬಂತು. ಅದರಲ್ಲಿ ಪರದೆ ಎಳೆಯುತ್ತ, ಆಗೀಗ ದೂತನ ಪಾತ್ರ ಮಾಡುತ್ತ ಇದ್ದವನು ಮುದಕಪ್ಪ. ಹೆಸರು ಮುದುಕ, ವಯಸ್ಸು ಮೀಸೆ ಚಿಗುರುವ ವಯಸ್ಸು. ತಂದೆ ತಾಯಿ ಇಲ್ಲ. ಹಸಿವು ಮಾತ್ರ ಭರ್ಜರಿ. ಅವನು ಊಟಕ್ಕೆ ಕೂತರೆ ‘ಸಾಕು’ ಎಂಬ ಮಾತೇ ಹೊರಬೀಳುತ್ತಿರಲಿಲ್ಲ.

“ನಿನ್ನ ಬಾಯಾಗ ಸಾಕು ಬರೂದ್ರಾಗ ನನ್ನ ಒಲಿ ಆರತೈತಿ ನೋಡು” ಎಂದು ಆಕೆ ಬೈಯುತ್ತಿದ್ದಳು. ಬೈಯುತ್ತಲೇ ಇನ್ನೊಂದು ಬಿಸಿ ರೊಟ್ಟಿ ಹಾಕುತ್ತಿದ್ದಳು.

ಒಂದು ಸಲ ಮುದಕಪ್ಪನಿಗೆ ಕಾಮಾಲೆ ಆಯಿತು. ಕಂಪನಿಯವರು ಟೆಂಟು ಕಿತ್ತುಕೊಂಡು ಮುಂದಿನ ಊರಿಗೆ ಹೊರಟುಬಿಟ್ಟರು, ಅವನನ್ನು ಹಾಗೇ ಬಿಟ್ಟು. ಎಂಥ ಜನ ಅಂತೀನಿ! ಬಸಲಿಂಗವ್ವ ಅವನನ್ನು ಖಾನಾವಳಿಯ ಮೂಲೆಯಲ್ಲಿ ಮಲಗಿಸಿಕೊಂಡು, ಗಂಜಿ ಕುಡಿಸಿ, ಎಬ್ಬಿಸಿ ಕೂರಿಸಿದಳು. ಮಗನ ಹಾಗೆ ಸಾಕಿದಳು. ನಮ್ಮ ಭಾಷೆ ನೋಡಿ ಮಕ್ಕಳೇ, ಹೊಟ್ಟೆ ತುಂಬಿದವನು ಅನ್ನುವುದೂ ಸಾಕು, ತಬ್ಬಲಿಯನ್ನು ಹೊರೆಯುವುದಕ್ಕೂ ಸಾಕು ಅಂತಲೇ ಅನ್ನುತ್ತೇವೆ.

ಆ ಮೂಲೆಯಲ್ಲಿ ಮಲಗಿದ್ದಾಗ ಮುದಕಪ್ಪ ಒಂದು ಸಂಗತಿ ಗಮನಿಸಿದ. ಎಲ್ಲರೂ ಉಂಡು ಎದ್ದ ಮೇಲೆ ಬಸಲಿಂಗವ್ವ ಒಲೆಯ ಪಕ್ಕ ನಿಂತುಕೊಂಡೇ ಮುರುಕು ರೊಟ್ಟಿ, ಒಂದಿಷ್ಟು ಶೇಂಗಾ ಚಟ್ನಿ ತಿನ್ನುತ್ತಿದ್ದಳು. ಆಕೆಗೆ ಬಡಿಸುವವರು ಯಾರೂ ಇರಲಿಲ್ಲ. ಹಾಗಾಗಿ ಆಕೆ ‘ಸಾಕು’ ಅಂದದ್ದನ್ನು ಯಾರೂ ಕೇಳಿರಲಿಲ್ಲ.

“ಅವ್ವಾ, ಒಂದಿನ ನಾನು ನಿನ್ನ ಕೂಡಿಸಿ ಬಡಿಸ್ತೀನಿ. ನಿನ್ನ ಬಾಯಿಂದ ಸಾಕು ಅನ್ನಿಸೇ ತೀರ್ತೀನಿ” ಅಂದ.

“ಏ ಹೋಗೋ, ದೊಡ್ಡಾಂವ ಬಂದಿ” ಎಂದು ಆಕೆ ನಕ್ಕಳು. ಆದರೂ ಆ ಮಾತು ಅವಳಿಗೆ ಹಿತವಾಯಿತು.

ಕಾಲ ಉರುಳಿತು. ಮುದಕಪ್ಪ ಸಿನಿಮಾ ಸೇರಿದ, ಹಣೆಬರಹ ಖುಲಾಯಿಸಿ ದೊಡ್ಡ ನಟನಾದ. ಹೆಸರು ಮೃಗಾಂಕ್ ಅಂತಾಯಿತು. ಆಮೇಲೆ ಕೇಳಬೇಕೇ? ಅವನ ಬೂಟು ಸುದ್ದಿ, ಗಡಿಯಾರ ಸುದ್ದಿ, ನಾಯಿಗೆ ಹೊಲಿಸಿದ ಕೋಟೂ ಸುದ್ದಿ. ಅವನು ಯಾವ ಹೋಟೆಲಿನಲ್ಲಿ ಏನು ತಿಂದ, ಬಿಲ್ ಎಷ್ಟಾಯಿತು ಅಂತ ಜನ ಫೋನಿನಲ್ಲಿ ಒಬ್ಬರಿಗೊಬ್ಬರು ಕಳಿಸುತ್ತಿದ್ದರು. ನಮ್ಮ ಜನಕ್ಕೂ ಬೇರೆ ಕಸುಬಿಲ್ಲ ಬಿಡಿ, ಇನ್ನೊಬ್ಬನ ತಟ್ಟೆಗೆ ಇಣುಕುವುದರಲ್ಲೇ ಇವರ ಹೊಟ್ಟೆ ತುಂಬುತ್ತದೆ.

ಆದರೆ ಮುದಕಪ್ಪ ಕೆಟ್ಟವನಲ್ಲ. ಅವ್ವನಿಗೆ ಕೊಟ್ಟ ಮಾತು ಅವನಿಗೆ ನೆನಪಿತ್ತು. ‘ಅವಳಿಗೆ ಉಣಿಸುವುದಾದರೆ ಸಾಮಾನ್ಯ ಜಾಗದಲ್ಲಿ ಉಣಿಸಬಾರದು’ ಅಂದುಕೊಂಡ. ಅಲ್ಲೇ ಅವನು ತಪ್ಪಿದ್ದು. ಊಟ ದುಬಾರಿಯಾದಷ್ಟೂ ತನ್ನ ಪ್ರೀತಿ ದೊಡ್ಡದಾಗಿ ಕಾಣುತ್ತದೆ ಎಂದು ಅವನು ನಂಬಿಬಿಟ್ಟಿದ್ದ.

ಬೆಂಗಳೂರಿನ ಒಂದು ಎತ್ತರದ ಕಟ್ಟಡದ ತುದಿಯಲ್ಲಿ ಹೋಟೆಲು. ಅಲ್ಲಿಯ ಒಂದು ಊಟದ ಬೆಲೆಯಲ್ಲಿ ನಮ್ಮ ಶಾಲೆಯ ಮೇಷ್ಟ್ರು ಒಂದು ತಿಂಗಳು ಸಂಸಾರ ಮಾಡಬಹುದು. ಮುದಕಪ್ಪ ಕಾರು ಕಳಿಸಿ ಬಸಲಿಂಗವ್ವನನ್ನು ಕರೆಸಿದ. ಆಕೆ ಪೆಟ್ಟಿಗೆಯಲ್ಲಿದ್ದ ಇಳಕಲ್ಲ ಸೀರೆ ಉಟ್ಟುಕೊಂಡು ಬಂದಳು. ಇವತ್ತು ಮಗ ಬಡಿಸುತ್ತಾನೆ ಎಂದು ಬೆಳಗಿನಿಂದ ಏನೂ ತಿಂದಿರಲಿಲ್ಲ.

ಮೊದಲ ತಟ್ಟೆ ಬಂತು. ತಟ್ಟೆ ಮೊರದಷ್ಟು ಅಗಲ, ನಡುವೆ ಹುಣಸೆಬೀಜದಷ್ಟು ಏನೋ ಒಂದು, ಅದರ ಮೇಲೆ ಬಂಗಾರದ ರೇಕು. ಆಕೆ ಬಾಯಿಗೆ ಹಾಕಿಕೊಂಡಳು. ರುಚಿ ನೋಡಲಿಕ್ಕೆ ಕೊಟ್ಟಿದ್ದಾರೆ, ಊಟ ಈಗ ಬರುತ್ತದೆ ಎಂದು ಕಾದಳು. ಇನ್ನೊಂದು ತಟ್ಟೆ ಬಂತು, ಅದರಲ್ಲಿ ಹೊಗೆಯೇ ಹೆಚ್ಚು. ಆಕೆ ಮತ್ತೆ ಕಾದಳು. ಅಷ್ಟರಲ್ಲಿ ಬಡಿಸುವವನು ಬಂದು ಸದ್ದಿಲ್ಲದೆ ತಟ್ಟೆಗೆ ಕೈ ಹಾಕಿದ. ಬಸಲಿಂಗವ್ವ ತಟ್ಟೆಯ ಅಂಚು ಗಟ್ಟಿಯಾಗಿ ಹಿಡಿದುಕೊಂಡಳು.

“ಏ ತಮ್ಮಾ, ನಾ ಇನ್ನೂ ಸಾಕು ಅಂದಿಲ್ಲ!”

ಅಕ್ಕಪಕ್ಕದ ಮೇಜಿನವರು ಗೊಳ್ಳೆಂದು ನಕ್ಕರು. ಯಾರೋ ಫೋನು ಎತ್ತಿ ಚಿತ್ರ ಹಿಡಿದರು. ಮುದಕಪ್ಪನಿಗೆ ಆ ಮಾತಿನ ಅರ್ಥ ಗೊತ್ತಿತ್ತು. ಆ ಕೋಣೆಯಲ್ಲಿ ಅದು ಗೊತ್ತಿದ್ದವನು ಅವನೊಬ್ಬನೇ. ಆದರೂ ನಾಲ್ಕು ಜನ ನಗುವಾಗ ಅವನಿಗೆ ನಾಚಿಕೆಯಾಯಿತು, ಅವನೂ ನಕ್ಕುಬಿಟ್ಟ.

ಬಸಲಿಂಗವ್ವ ತಟ್ಟೆ ಬಿಟ್ಟಳು. ಆಮೇಲೆ ಬಂದ ತಟ್ಟೆಗಳನ್ನು ಬಡಿಸುವವರು ಎತ್ತಿದಂತೆಲ್ಲ ಎತ್ತಲು ಬಿಟ್ಟಳು. ಕೊನೆಗೆ ಮುದಕಪ್ಪ, “ಹೆಂಗಿತ್ತವ್ವಾ?” ಅಂದ.

“ಛಲೋ ಇತ್ತಪ್ಪಾ. ತಾಟು ಭಾಳ ದೊಡ್ಡವು” ಅಂದಳು ಆಕೆ.

ಮರುದಿನ ಆ ಊಟದ ಬಿಲ್ಲು ಊರೆಲ್ಲ ಸುದ್ದಿಯಾಯಿತು. ಸಾಕಿದವಳಿಗೆ ಬಂಗಾರ ಉಣಿಸಿದ ಮಗ ಎಂದು ಹೊಗಳಿದ್ದೇ ಹೊಗಳಿದ್ದು.

ಆ ವರ್ಷವೆಲ್ಲ ಮುದಕಪ್ಪ ಆ ಹೊಗಳಿಕೆಯಲ್ಲೇ ತೇಲಿದ. ಒಮ್ಮೆ ಕಾರಿನಲ್ಲಿ ಗೆಳೆಯನೊಬ್ಬನಿಗೆ ಆ ಊಟದ ಕಥೆ ಕೊಚ್ಚಿಕೊಂಡ. ಗೆಳೆಯ ಇಳಿದು ಹೋದ ಮೇಲೆ ಕಾರು ಓಡಿಸುವ ಕೆಂಪರಾಜು ತಡೆಯಲಾರದೆ ಹೇಳಿದ:

“ಬೇಜಾರ್ ಮಾಡ್ಕೋಬೇಡಿ ಸಾರ್. ಅವತ್ತು ಅಜ್ಜಿ ಹಸ್ಕೊಂಡೇ ಎದ್ದಿದ್ರು. ದಾರೀಲಿ ಕಾರ್ ನಿಲ್ಲಿಸಿ ಅಂದ್ರು. ರೊಟ್ಟಿ ಸಿಗಲಿಲ್ಲ, ಇಡ್ಲಿ ತಂದ್ಕೊಟ್ಟೆ. ಮುದಕಪ್ಪಗ ಹೇಳಬ್ಯಾಡ, ಕೂಸು ನೊಂದ್ಕೋತಾನ ಅಂತ ಆಣೆ ಹಾಕಿಸ್ಕೊಂಡ್ರು.”

ಮುದಕಪ್ಪನಿಗೆ ಕಪಾಳಕ್ಕೆ ಹೊಡೆದಂತಾಯಿತು. ಹೋಗಬೇಕು, ನಾಳೆಯೇ ಹೋಗಬೇಕು ಅಂದುಕೊಂಡ. ಆದರೆ ಶೂಟಿಂಗ್ ಇತ್ತು. ಶೂಟಿಂಗ್ ಮುಗಿದರೆ ಪ್ರಚಾರ, ಪ್ರಚಾರ ಮುಗಿದರೆ ವಿದೇಶ. ಹೋಗುವವನಿಗೆ ದಾರಿ ಇದ್ದೇ ಇರುತ್ತದೆ, ಆದರೆ ಅವನು ಹೊರಟಿದ್ದು ಬಸಲಿಂಗವ್ವನ ತಂಗಿಯ ಮಗಳು, ಈಗ ಖಾನಾವಳಿ ನೋಡಿಕೊಳ್ಳುತ್ತಿದ್ದ ಗುರವ್ವ ಫೋನು ಮಾಡಿದ ಮೇಲೆಯೇ.

“ಅಣ್ಣಾರ, ದೊಡ್ಡವ್ವ ಹಾಸಿಗಿ ಹಿಡದಾಳ. ನಿಮ್ಮನ್ನ ಕೇಳಾಕ್ಹತ್ಯಾಳ.”

ಬಸಲಿಂಗವ್ವ ಅದೇ ಮೂಲೆಯಲ್ಲಿ ಮಲಗಿದ್ದಳು, ಒಂದು ಕಾಲಕ್ಕೆ ಅವನು ಮಲಗಿದ್ದ ಮೂಲೆಯಲ್ಲಿ. ಬಟ್ಟಲಲ್ಲಿ ಗಂಜಿ ಇತ್ತು. ಮುದಕಪ್ಪ ಗುರವ್ವನ ಕೈಯಿಂದ ಅದನ್ನು ಇಸಿದುಕೊಂಡು, ಅವ್ವನ ತಲೆಗೆ ತೋಳು ಕೊಟ್ಟು ಎತ್ತಿ, ಒಂದು ಚಮಚ ಕುಡಿಸಿದ. ಇನ್ನೊಂದು ಚಮಚ ತುಂಬುವಷ್ಟರಲ್ಲಿ ಆಕೆ ಕೈಯನ್ನು ಬಟ್ಟಲಿಗೆ ಅಡ್ಡ ತಂದಳು.

“ಸಾಕಪ್ಪಾ.”

“ಇನ್ನೊಂದೇ ಒಂದು, ಅವ್ವಾ. ನನ್ನ ಸಲುವಾಗಿ.”

“ಸಾಕು.”

ಎಷ್ಟೋ ವರ್ಷದಿಂದ ಅವನು ಕೇಳಬೇಕೆಂದುಕೊಂಡಿದ್ದ ಮಾತು ಕೊನೆಗೂ ಬಂತು. ಒಂದು ಚಮಚ ಗಂಜಿಗೆ ಬಂತು. ಅವನು ಚಿಕ್ಕ ಹುಡುಗನ ಹಾಗೆ ಬಿಕ್ಕಿ ಬಿಕ್ಕಿ ಅತ್ತ.

ಬಸಲಿಂಗವ್ವ ಅವನ ಮುಖ ನೋಡಿದಳು. “ನೀ ಉಂಡ್ಯೇನು?” ಎಂದು ಕೇಳಿ, ಅವನು ಉತ್ತರ ಕೊಡುವ ಮೊದಲೇ ಬಡಿಸು ಎಂದು ಗುರವ್ವನಿಗೆ ಕಣ್ಣಲ್ಲೇ ಹೇಳಿದಳು. ಮುದಕಪ್ಪ ಆಕೆಯ ಹಾಸಿಗೆಯ ಪಕ್ಕದಲ್ಲೇ ಚಾಪೆ ಹಾಕಿಕೊಂಡು ಉಂಡ. ಬಸಲಿಂಗವ್ವ ಅವನು ಉಣ್ಣುವುದನ್ನು ನೋಡುತ್ತ ಮಲಗಿದಳು. ಹೊಟ್ಟೆ ತುಂಬಿದರೂ ಅವನು ಇನ್ನೊಂದು ರೊಟ್ಟಿ ಹಾಕಿಸಿಕೊಂಡ, ಮತ್ತೊಂದು ಹಾಕಿಸಿಕೊಂಡ. ನೋಡುತ್ತ ನೋಡುತ್ತಲೇ ಆಕೆಯ ಉಸಿರು ನಿಂತಿತು.

ಗುರವ್ವ ಅಳುತ್ತ ಬಂದು ತಾಟು ಎತ್ತಲು ಬಗ್ಗಿದಳು. ಮುದಕಪ್ಪ ತಾಟಿನ ಅಂಚು ಗಟ್ಟಿಯಾಗಿ ಹಿಡಿದುಕೊಂಡ.

“ಬ್ಯಾಡ ತಂಗೀ, ಎತ್ತಬ್ಯಾಡ. ನಾ ಇನ್ನೂ ಸಾಕು ಅಂದಿಲ್ಲ.”

ಈ ಸಲ ಯಾರೂ ನಗಲಿಲ್ಲ.

ನೀತಿ: ನಿಮ್ಮನ್ನು ಸಾಕಿದವರಿಗೆ ಉಣಿಸುವ ಆಸೆಯಿದ್ದರೆ, ಅವರಿಗೆ ಹಸಿವಿರುವಾಗಲೇ ಉಣಿಸಿ. ಜನ ಮೆಚ್ಚುವ ಊಟ ಹುಡುಕುತ್ತ ಕೂರಬೇಡಿ, ಅವರು ಉಣ್ಣುವುದನ್ನೇ ಮಾಡಿ, ಪಕ್ಕದಲ್ಲಿ ಕೂತು, ಅವರು ಬಾಯಿ ಬಿಟ್ಟು ‘ಸಾಕು’ ಅನ್ನುವವರೆಗೆ ಬಡಿಸಿ. ಹೊತ್ತು ಮೀರಿದ ಮೇಲೆ ಎಷ್ಟೇ ಬೆಲೆ ತೆತ್ತರೂ ಆ ಊಟ ಸಿಗುವುದಿಲ್ಲ.