ಆಲಿವ್ ತೋಪಿನ ಹೊಸ ದೊರೆ

ಕೂಲಿಗೆ ಯುದ್ಧ ಮಾಡಲು ಉತ್ತರದಿಂದ ಇಟಲಿಗೆ ಬಂದ ನಾರ್ಮನ್ ಸವಾರನೊಬ್ಬ ಮಂಜು ಬೆರೆತ ಬಿಸಿಲಲ್ಲಿ ಗುಡ್ಡದ ಮೇಲೆ ಬೆಳ್ಳಗೆ ಮಿನುಗುವ ಆಲಿವ್ ತೋಪು ಕಂಡ. ಇಂಥದೇ ಗುಡ್ಡದ ಕನಸು ಕಂಡು ಅವನು ಊರು ಬಿಟ್ಟಿದ್ದ.

"ಮುದುಕಾ, ಇಂದಿನಿಂದ ಈ ತೋಪು ನನ್ನದು. ನೀನು ಹೊರಡು," ಎಂದು ತೋಪಿನ ರೈತನೆದುರು ಕತ್ತಿ ಎಳೆದ.

ರೈತ ಕೈಮುಗಿದ. "ಆಗಲಿ ದೊರೆ. ಮೊದಲು ನಿಮ್ಮ ಹಣ್ಣಿನ ರುಚಿ ನೋಡಿ." ಮರದಿಂದ ಕಪ್ಪನೆಯ ಹಣ್ಣೊಂದನ್ನು ಕಿತ್ತು ಕೊಟ್ಟ.

ಸವಾರ ಕಚ್ಚಿದ. ಕಹಿಗೆ ಕಣ್ಣಲ್ಲಿ ನೀರು ಬಂತು.

"ಇದನ್ನು ತಿಂದು ಬದುಕುತ್ತೀರಾ?"

"ಅಜ್ಜನ ಕಾಲದಿಂದಲೂ, ದೊರೆ."

ಸವಾರ ಮರುಗಿದ. ತನ್ನ ರೊಟ್ಟಿ ಚೀಲವನ್ನು ರೈತನ ಕೈಗಿಟ್ಟು, ಸಿಹಿ ಹಣ್ಣಿನ ಗುಡ್ಡ ಹುಡುಕುತ್ತಾ ಸಮುದ್ರದ ಮಂಜಿನೊಳಗೆ ಕರಗಿಹೋದ.

ಸಂಜೆ ರೈತನ ಹೆಂಡತಿ ಜಾಡಿ ತೆರೆದಳು. ತಿಂಗಳುಗಟ್ಟಲೆ ಉಪ್ಪುನೀರಲ್ಲಿ ನೆನೆದು ಕಹಿ ಬಿಟ್ಟ ಆಲಿವ್ ಹಣ್ಣುಗಳನ್ನು ಬಡಿಸಿದಳು.

"ಪಾಪ, ಒಳ್ಳೆಯವನು," ಎಂದಳು, ಅವನ ರೊಟ್ಟಿ ಮುರಿಯುತ್ತಾ.